ಅಳವಂಡಿ ಕುರಿಯ ಕಲೇಜಾ

ನಮ್ಮವ್ವನ ಕುರಿಗಳ ಮೇಲೆ ಕೊಲೆಯ ಆರೋಪ ಬಂದದ್ದು ಗಂಗಾವತಿ ಹತ್ತಿರದ, ವಲಸೆ ಬಂದ ರೈತರ ಒಂದು ಕ್ಯಾಂಪಿನ ಗದ್ದೆಯಲ್ಲಿ, ಮಟಮಟ ಮಧ್ಯಾಹ್ನ, ನಾನು ರೊಟ್ಟಿ ಮುರಿಯುತ್ತಿದ್ದಾಗ. ಆರೋಪ ಹೊರಿಸಿದವನು ನನ್ನ ಸ್ವಂತ ಕಾಕಾ ಕನಕಪ್ಪ. ಸಾಕ್ಷಿ ಅಂದರೆ ಡಾಕ್ಟರ್ ಶೈಲಜಾ ಅವರ ಕೈಯಲ್ಲಿದ್ದ ಒಂದು ಹಾಳೆ.

ನಾವು ಕುಷ್ಟಗಿ ಕಡೆಯ ಕುರಿಗಾರರು. ನಮ್ಮದು ಜೋಳದ ಒಣ ನೆಲ. ಕೆಳಗೆ ಭತ್ತದ ಸುಗ್ಗಿ ಮುಗಿಯಿತೆಂದು ಸುದ್ದಿ ಬಂದರೆ ಹಿಂಡು ಹೊಡೆದುಕೊಂಡು ಕಾಲುವೆ ಸೀಮೆಗೆ ಇಳಿಯುತ್ತೇವೆ. ಕೊಯ್ದ ಗದ್ದೆಯಲ್ಲಿ ಕುರಿ ತರುಬುತ್ತೇವೆ, ಅಂದರೆ ರಾತ್ರಿ ಅಲ್ಲೇ ಕೂಡಿಹಾಕುತ್ತೇವೆ. ಕುರಿಗೆ ಮೇವು, ಗದ್ದೆಯವರಿಗೆ ಹಿಕ್ಕೆಯ ಗೊಬ್ಬರ. ಆದರೆ ಆ ಹಸಿ ಗದ್ದೆ ಮೇವಿನ ಜೊತೆಗೆ ಇನ್ನೊಂದನ್ನೂ ಕೊಡುತ್ತದೆ. ನೀರಿನಲ್ಲಿರುವ ಶಂಖದ ಹುಳುವಿನಿಂದ ಕಣ್ಣಿಗೆ ಕಾಣದ ಮರಿಹುಳುಗಳು ಹೊರಬಿದ್ದು ಹುಲ್ಲಿಗೆ ಅಂಟಿಕೊಂಡಿರುತ್ತವೆ. ಕುರಿ ಮೇಯ್ದರೆ ಅವು ಹೊಟ್ಟೆ ಸೇರಿ, ಅಲ್ಲಿಂದ ಕಲೇಜಾಕ್ಕೆ ನುಗ್ಗಿ ಕೊರೆಯುತ್ತವೆ. ನಾವು ಕಲೇಜಾ ಅನ್ನುವುದನ್ನು ಡಾಕ್ಟರರು ಲಿವರ್ ಅನ್ನುತ್ತಾರೆ, ಸಾಲಿ ಪುಸ್ತಕ ಯಕೃತ್ತು ಅನ್ನುತ್ತದೆ. ಯಾವ ಹೆಸರಿನಿಂದ ಕರೆದರೂ ಅದು ಕಲ್ಲಾದ ಮೇಲೆ ಕುರಿ ಉಳಿಯುವುದಿಲ್ಲ. ಗದ್ದದ ಕೆಳಗೆ ನೀರು ತುಂಬಿದ ಚೀಲ ಜೋತುಬೀಳುತ್ತದೆ, ಕಣ್ಣು ಬಿಳುಚುತ್ತದೆ, ಒಂದು ದಿನ ಎಬ್ಬಿಸಿದರೆ ಏಳುವುದಿಲ್ಲ. ಎರಡು ವರ್ಷದ ಹಿಂದೆ ನಮ್ಮ ಹಿಂಡಿನಲ್ಲಿ ಮೂವತ್ನಾಲ್ಕು ಹಾಗೆ ಹೋದವು. ತಡವಾಗಿ ಹುಳದ ಔಷಧ ಕುಡಿಸಿದ್ದೆವು. ಹುಳ ಸತ್ತವು. ಕಲ್ಲಾದ ಕಲೇಜಾ ಮಾತ್ರ ಮೆತ್ತಗಾಗಲಿಲ್ಲ.

ಆ ಸಾವುಗಳ ಬೆನ್ನು ಹಿಡಿದೇ ಶೈಲಜಾ ಮೇಡಂ ನಮ್ಮ ಹಿಂಡಿಗೆ ಬಂದದ್ದು. ದನದ ಡಾಕ್ಟರ್ ಆಗಿ ಮತ್ತೆ ಮೇಲಿನ ಓದು ಓದುತ್ತಿದ್ದವರು. ಯಲಬುರ್ಗಾ ಕಡೆಯ ತಳಕಲ್ಲಿನವರು, ಹಾಗಾಗಿ ನಮ್ಮ ಮಾತೇ ಆಡುತ್ತಿದ್ದರು. ಅಷ್ಟಕ್ಕೇ ನಾನು ಅವರನ್ನು ನಂಬಿದೆ ಎಂದಲ್ಲ. ಏಳನೇತ್ತೆಗೆ ಸಾಲಿ ಬಿಟ್ಟವನು ನಾನು. ಓದಿದವರು ನಮ್ಮ ಹತ್ತಿರ ಬಂದರೆ ಏನಾದರೂ ಒಯ್ಯುವುದಕ್ಕೇ ಬಂದಿರುತ್ತಾರೆ ಎಂಬುದು ನನ್ನ ಅನುಭವ. ಇವರು ಒಯ್ಯುತ್ತಿದ್ದದ್ದು ಹಿಕ್ಕೆ, ಮತ್ತು ಗಂಗಾವತಿಯ ಕಸಾಯಿಖಾನೆಯಲ್ಲಿ ಕೊಯ್ದ ನಮ್ಮ ಕುರಿಗಳ ಕಲೇಜಾದ ಸಣ್ಣ ಸಣ್ಣ ತುಂಡು. ಅವನ್ನು ಹೊಗೆಯಾಡುವ ತಣ್ಣನೆಯ ಡಬ್ಬಿಯೊಳಗೆ ಹಾಕಿಕೊಂಡು ಹೋಗುತ್ತಿದ್ದರು.

ಇದನ್ನೆಲ್ಲ ಯಾಕೆ ಒಯ್ಯುತ್ತೀರಿ ಎಂದು ನಾನು ಒಮ್ಮೆ ಜಗಳಕ್ಕೇ ನಿಂತೆ. ಅವರು ಸಿಟ್ಟಾಗಲಿಲ್ಲ. ಕುರಿ ಮುಂದೆ ಹೋಗಲಿ ಎಂದರೆ ಏನು ಕೂಗುತ್ತೀ, ನಿಲ್ಲಲಿ ಎಂದರೆ ಏನು ಕೂಗುತ್ತೀ ಎಂದು ಕೇಳಿದರು. ಎರಡೂ ಕೂಗಿ ತೋರಿಸಿದೆ. ಹುಳ ಕೊರೆದಾಗ ಕಲೇಜಾದೊಳಗೂ ಹಾಗೇ ಒಂದು ಕೂಗು ಏಳುತ್ತದಂತೆ, ಗಾಯ ಮುಚ್ಚಿರಿ ಎಂದು. ಜೀವಕಣಗಳು ಎದ್ದು ಗಾಯಕ್ಕೆ ನಾರು ಹೊಲಿಯುತ್ತವೆ. ಗಾಯ ಮುಚ್ಚಿದ ಮೇಲೆ ಸಾಕು, ನಿಲ್ಲಿರಿ ಎಂಬ ಇನ್ನೊಂದು ಕೂಗು ಬರಬೇಕು. ಪ್ರತಿ ಕಣದಲ್ಲೂ ಜೀನು ಎಂಬ ಬರಹವಿದೆ. ಬರಹ ಬದಲಾಗುವುದಿಲ್ಲ, ಯಾವಾಗ ಯಾವುದನ್ನು ಕೂಗಿ ಓದಬೇಕು, ಯಾವುದರ ಬಾಯಿ ಮುಚ್ಚಿಸಬೇಕು ಎಂಬುದು ಬದಲಾಗುತ್ತದೆ. ಅದನ್ನು ನಡೆಸುವ ಬಲು ಚಿಕ್ಕ ಚೀಟಿಗಳಿವೆ. ಹುಳ ಹೊಕ್ಕ ಕುರಿಯಲ್ಲಿ ಆ ನಿಲ್ಲಿಸುವ ಚೀಟಿಗಳೇ ಕಳೆದುಹೋಗುತ್ತವೆ, ಹುಳವೂ ತನ್ನ ಚೀಟಿಗಳನ್ನು ಬಿಟ್ಟು ಗದ್ದಲ ಎಬ್ಬಿಸುತ್ತಿರಬಹುದು. ನಿಲ್ಲು ಅನ್ನುವವರಿಲ್ಲದೆ ನಾರಿನ ಮೇಲೆ ನಾರು ಬೆಳೆದು ಕಲೇಜಾ ಕಲ್ಲಾಗುತ್ತದೆ. ಯಾವ ಕುರಿಯಲ್ಲಾದರೂ ಚೀಟಿ ಉಳಿದಿದೆಯೇ ಎಂದು ಹುಡುಕುತ್ತಿದ್ದೇನೆ ಎಂದರು. ಏಳು ವರ್ಷ ಸಾಲಿಯಲ್ಲಿ ಕೂತರೂ ಒಬ್ಬ ಮಾಸ್ತರನೂ ನನಗೆ ಹೀಗೆ ಹೇಳಿರಲಿಲ್ಲ. ಅಂದಿನಿಂದ ಹಿಕ್ಕೆ ಆರಿಸಿ ಕೊಡುವವನೂ ನಾನೇ ಆದೆ.

ಇನ್ನು ಅವ್ವನ ಕುರಿಗಳ ವಿಷಯ. ನಮ್ಮವ್ವ ಪಾರವ್ವನ ತವರು ಅಳವಂಡಿ. ಮದುವೆಯಲ್ಲಿ ತವರಿನವರು ಮೂರು ಕೆಂಚು ಕುರಿಗಳನ್ನು ಬಳುವಳಿಯಾಗಿ ಕೊಟ್ಟಿದ್ದರು. ಅವುಗಳ ಮಕ್ಕಳು ಮೊಮ್ಮಕ್ಕಳು ಸೇರಿ ಈಗ ಮೂವತ್ತು. ನಮ್ಮಲ್ಲಿ ಕುರಿಯ ವಂಶವನ್ನು ಕುಡಿ ಅನ್ನುತ್ತೇವೆ, ಅದನ್ನು ತಾಯಿಯಿಂದಲೇ ಎಣಿಸುತ್ತೇವೆ. ಬಲಗಿವಿಯ ತುದಿ ಕೊಯ್ದಿದ್ದರೆ ಅದು ನಮ್ಮ ಮನೆಯ ಕುರಿ. ಅದರ ಜೊತೆಗೆ ಎಡಗಿವಿಯಲ್ಲೊಂದು ಕಚ್ಚು ಇದ್ದರೆ ಅಳವಂಡಿ ಕುಡಿ. ಅಪ್ಪ ತೀರಿಕೊಂಡ ಮೇಲೆ ಇದು ನನ್ನದು ಎಂದು ಅವ್ವ ಕೈಯಿಟ್ಟು ಹೇಳಬಹುದಾದದ್ದು ಆ ಮೂವತ್ತು ಜೀವ ಮಾತ್ರ. ಉಳಿದ ಹಿಂಡೆಲ್ಲ ಕಾಕಾನದು, ಯಜಮಾನಿಕೆಯೂ ಅವನದೇ.

ಆ ಮಧ್ಯಾಹ್ನ ಮೇಡಂ ಹಾಳೆ ಹಿಡಿದು ಬದುವಿನ ಮೇಲೆ ಕೂತು ಓದಿದರು. ಆ ವರ್ಷ ಕೊಯ್ದ ನಮ್ಮ ಇಪ್ಪತ್ತೆಂಟು ಕುರಿಗಳ ಪೈಕಿ ಅಳವಂಡಿ ಕುಡಿಯವು ಒಂಬತ್ತು. ಆ ಒಂಬತ್ತರಲ್ಲಿ ಏಳರ ಕಲೇಜಾ ಕಲ್ಲು. ಬೇರೆಯವುಗಳಿಗಿಂತ ಕೆಟ್ಟ ಲೆಕ್ಕ. ಅವರು ಅಷ್ಟೇ ಹೇಳಿದ್ದು, ಅದೂ ಎಳೆದೆಳೆದು, ಇನ್ನೂ ನೋಡಬೇಕು ಅಂತ ಸೇರಿಸಿಯೇ. ಕಾಕಾನಿಗೆ ಅಷ್ಟು ಸಾಕಾಯಿತು. ಮೂವತ್ನಾಲ್ಕು ಸಾವಿಗೆ ಅವನು ಎರಡು ವರ್ಷದಿಂದ ಒಂದು ತಲೆ ಹುಡುಕುತ್ತಿದ್ದ. ಆ ಕುರಿಗಳು ಹೊಕ್ಕಾಗಿನಿಂದಲೇ ಮನೆಗೆ ಕೇಡು, ರೋಗದ ಬೇರೇ ಅವು, ನಾಲ್ಕು ದಿನಕ್ಕೆ ಕುಷ್ಟಗಿ ಸಂತೆ ಇದೆ, ಮೂವತ್ತನ್ನೂ ಅಲ್ಲಿಗೆ ಹೊಡೆದುಬಿಡುತ್ತೇನೆ, ನನ್ನ ಕುರಿ ಕೂಡುವ ತಟ್ಟಿಯೊಳಗೆ ಇನ್ನು ಅವಕ್ಕೆ ಜಾಗ ಇಲ್ಲ ಎಂದ. ಅವ್ವ ಒಲೆಯ ಮುಂದೆ ಕೂತಿದ್ದಳು. ತವೆಯ ಮೇಲಿನ ರೊಟ್ಟಿ ಸೀದು ಹೊಗೆ ಎದ್ದರೂ ತಿರುವಲಿಲ್ಲ.

ನನಗೆ ರಕ್ತ ತಲೆಗೇರಿತ್ತು. ಆದರೂ ಆ ಲೆಕ್ಕದಲ್ಲಿ ಒಂದು ಮುಳ್ಳು ಚುಚ್ಚುತ್ತಿತ್ತು. ಒಂಬತ್ತು ಹೇಗೆ?

"ಮೇಡಂ," ಎಂದೆ, "ಅವ್ವ ಈ ವರ್ಷ ಕಸಾಯಿಗೆ ಕೊಟ್ಟದ್ದ ಎರಡು. ಒಂಬತ್ತು ಎಲ್ಲಿಂದ ಬಂದ್ವು?"

"ಏಳನೇತ್ತೆ ಬಿಟ್ಟಾಂವಾ, ಎಣಿಕಿ ಕಲಿಯೂದು ಬಾಕಿ ಉಳದೈತೇನಲೇ?" ಎಂದು ಕಾಕಾ ನಕ್ಕ.

ಮೇಡಂ ನಗಲಿಲ್ಲ. ಹಾಳೆ ತಿರುಗಿಸಿ ಆ ಒಂಬತ್ತು ಕುರಿಗಳ ಬಿಲ್ಲೆ ನಂಬರು ಓದಿದರು. ನಾಲ್ಕನೆಯ ನಂಬರಿಗೆ ನಾನು ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟೆ. ಯಾಕೆಂದರೆ ಆ ನಂಬರನ್ನು ಕಟ್ಟಿದವನು ನಾನು.

ಆದದ್ದು ಹೀಗೆ. ಒಂದೂವರೆ ವರ್ಷದ ಹಿಂದೆ ಕುರಿಗಳಿಗೆಲ್ಲ ಹಳದಿ ಪ್ಲಾಸ್ಟಿಕ್ ಬಿಲ್ಲೆ ಹೊಡೆದರು. ಮೇಡಂ ಅವತ್ತೇ ಅವ್ವನನ್ನು ಪಕ್ಕಕ್ಕೆ ಕೂಡಿಸಿಕೊಂಡು ಯಾವ ನಂಬರು ಯಾವ ಕುಡಿ ಎಂದು ಬರೆದುಕೊಂಡಿದ್ದರು. ಆದರೆ ಹೊಡೆಯುವವನು ಬಿಲ್ಲೆಯನ್ನು ಎಡಗಿವಿಗೆ, ಅದೂ ಕಚ್ಚಿನ ಪಕ್ಕಕ್ಕೇ ಹೊಡೆದ. ನಮ್ಮ ಸೀಮೆಯ ಜಾಲಿ ಕಂಟಿಯಲ್ಲಿ ಮೇಯುವ ಕುರಿಗೆ ಕಿವಿಯಲ್ಲಿ ಜೋತಾಡುವ ವಸ್ತು ಉಳಿಯುತ್ತದೆಯೇ? ಆರು ತಿಂಗಳಲ್ಲಿ ಅರ್ಧ ಹಿಂಡಿನ ಕಿವಿ ಹರಿದು ಬಿಲ್ಲೆ ಕಂಟಿಯಲ್ಲಿ ಉಳಿದವು, ಕಚ್ಚೂ ಹರಿದುಹೋಯಿತು. ನಾನು ಆರಿಸಿ ಒಂದು ಚೀಲದಲ್ಲಿಟ್ಟೆ. ಆಮೇಲೆ ಲಸಿಕೆಗೆ ಬಂದವನೊಬ್ಬ, ಬಿಲ್ಲೆ ಇಲ್ಲದ ಕುರಿಗೆ ಸೂಜಿ ಇಲ್ಲ ಎಂದು ನನ್ನ ಮೇಲೆ ಹರಿಹಾಯ್ದು ಹೋದ. ಅವನು ಮತ್ತೆ ಬರುವ ಮುಂಜಾನೆ ನಾನು ಚೀಲ ಸುರುವಿ, ಬರಿಗಿವಿಯ ಕುರಿಗಳ ಕೊರಳಿಗೆ ಕೈಗೆ ಸಿಕ್ಕ ಬಿಲ್ಲೆ ಕಟ್ಟುತ್ತ ಹೋದೆ. ನನ್ನ ಪಾಲಿಗೆ ಅದು ಬಸ್ಸಿನ ಟಿಕೆಟ್ಟು. ಕುರಿ ಇಷ್ಟು, ಬಿಲ್ಲೆ ಇಷ್ಟು, ಯಾರದು ಯಾರ ಕೊರಳಲ್ಲಿದ್ದರೇನು? ಮುಂದಿನ ಸಲ ಬಂದ ಮೇಡಂ ಕೊರಳ ಬಿಲ್ಲೆ ನೋಡಿ, ಕಿವಿ ಹರಿಯದಂತೆ ಛಲೋ ಉಪಾಯ ಮಾಡಿದ್ದೀ ಎಂದು ನನ್ನ ಬೆನ್ನು ತಟ್ಟಿದ್ದರು. ನಾನು ಬೀಗಿದ್ದೆ.

ಬಾಯಿ ಮುಚ್ಚಿಕೊಂಡಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಅವ್ವನ ಮೂವತ್ತು ಹೋಗುತ್ತಿದ್ದವು. ಎಲ್ಲರೆದುರು ಹೇಳಿಬಿಟ್ಟೆ.

ಮೇಡಂ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಚೀಲದೊಳಗಿಟ್ಟರು. "ಎರಡು ವರ್ಷದ ಕೆಲಸ, ತಮ್ಮಾ," ಎಂದರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಕಾಕಾ ಮಾತ್ರ ಒಪ್ಪಲಿಲ್ಲ. ಇದು ಸಿಕ್ಕಿಬಿದ್ದ ಕಳ್ಳ ಕಟ್ಟುವ ಕತೆ, ತಾಯಿಯ ಕುರಿ ಉಳಿಸಿಕೊಳ್ಳಲು ಹಾಳೆಯೇ ಸುಳ್ಳು ಅನ್ನುತ್ತಿದ್ದಾನೆ ಎಂದ. ಅವನು ಹೇಳುವುದರಲ್ಲಿ ನ್ಯಾಯ ಇಲ್ಲ ಅನ್ನುವಂತಿರಲಿಲ್ಲ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

ಮರುದಿನ ಅವನ ಏಳು ಕುರಿ ಕಸಾಯಿಖಾನೆಗೆ ಹೋಗುವುದಿದ್ದವು. ನಾನು ಅಲ್ಲೇ ಪಂಥ ಕಟ್ಟಿದೆ. ಕೊಯ್ಯುವ ಮೊದಲೇ, ಬಿಲ್ಲೆ ಇಲ್ಲದೆ, ಬರೀ ಮುಖ ನೋಡಿ ಪ್ರತಿ ಕುರಿಯ ಕಲೇಜಾ ಕಲ್ಲೋ ಬೆಣ್ಣೆಯೋ ಹೇಳುತ್ತೇನೆ. ಕುಡಿ ತಿಳಿದರೆ ಕಲೇಜಾ ತಿಳಿಯುತ್ತದೆ. ನನ್ನ ಮಾತು ನಿಂತರೆ ಅಳವಂಡಿ ಕುರಿಗಳ ಸುದ್ದಿಗೆ ಯಾರೂ ಬರಬಾರದು. ಬಿದ್ದರೆ ಮೂವತ್ತನ್ನೂ ನಾನೇ ಸಂತೆಗೆ ಹೊಡೆಯುತ್ತೇನೆ. ಹಾಗೆ ನೋಡಿದರೆ ನನಗೆ ಗೊತ್ತಿದ್ದದ್ದು ಒಂದೇ. ಎರಡು ವರ್ಷದ ಹಿಂದೆ ಸತ್ತ ಮೂವತ್ನಾಲ್ಕನ್ನೂ ಹೂಳಿದವನು ನಾನು, ಅದರಲ್ಲಿ ಅಳವಂಡಿಯದು ಒಂದೂ ಇರಲಿಲ್ಲ. ಅದೇ ಗದ್ದೆ, ಅದೇ ಹುಲ್ಲು, ಅದೇ ನೀರು.

ಕಾಕಾ ಕೂಡಲೇ ತೂತು ಹುಡುಕಿದ. ಕೊಯ್ಯುವ ಏಳೂ ಅವನವೇ. ಅಳವಂಡಿಯದು ಒಂದೂ ಇಲ್ಲದಿದ್ದರೆ ಏನು ಸಾಬೀತಾಯಿತು?

ಅವ್ವ ಆಗ ಎದ್ದಳು. ತಟ್ಟಿಯೊಳಗೆ ಹೋಗಿ ನಾಲ್ಕು ಕುರಿಗಳನ್ನು ಒಂದೊಂದಾಗಿ ಹೊರಗೆ ತಂದಳು. ಮುದಿಯಲ್ಲ, ಕುಂಟಲ್ಲ, ಮೈ ತುಂಬಿದ ಕುರಿಗಳು. ನಾನು ಅಡ್ಡ ಹೋದೆ.

"ಹಲ್ಲು ಬಿದ್ದದ್ದು ಕೊಟ್ಟರ, ಪಾರವ್ವ ಕಸಾ ಕೊಟ್ಲು ಅಂತಾರ," ಎಂದಳು. "ಮೇಯೋವ್ನ ಕೊಡತೀನಿ. ನಾಕು ಹ್ವಾದ್ರ ಇಪ್ಪತ್ತಾರು ಉಳಿತಾವಪ್ಪಾ. ಸರಿ ನಿಲ್ಲು."

ಪ್ರತಿಯೊಂದರ ಹಣೆ ಮುಟ್ಟಿ ಕೈಯನ್ನು ಕಣ್ಣಿಗೆ ಒತ್ತಿಕೊಂಡಳು. ಮತ್ತೆ ಒಲೆಯ ಮುಂದೆ ಕೂತು ಸೀದ ರೊಟ್ಟಿ ತೆಗೆದು ಹೊಸದು ಬಡಿಯತೊಡಗಿದಳು.

ಪಂಥ ಎಂದರೆ ಮೇಡಂಗೆ ಆಗುವುದಿಲ್ಲ. ಮಾಡುವುದಾದರೆ ಸರಿಯಾಗಿ ಮಾಡೋಣ ಎಂದರು. ಅಂದು ಸಂಜೆಯೊಳಗೆ ಹನ್ನೊಂದು ಕುರಿಗಳ ಹಿಕ್ಕೆಯನ್ನೂ ದನದ ದವಾಖಾನೆಯ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಹನ್ನೊಂದರಲ್ಲೂ ಹುಳದ ಮೊಟ್ಟೆ ಇದ್ದವು, ಅಳವಂಡಿಯ ನಾಲ್ಕರಲ್ಲೂ. ಅಂದರೆ ಹುಳ ಎಲ್ಲರ ಮನೆಯನ್ನೂ ಹೊಕ್ಕಿತ್ತು. ಕಾಕಾ ನನ್ನ ಕಡೆ ನೋಡಿ ಮೀಸೆ ತೀಡಿದ. ಅಂದು ರಾತ್ರಿ ನಾನೂ ಎರಡು ಸಲ ಎದ್ದು ಆ ನಾಲ್ಕನ್ನು ನೋಡಿಬಂದೆ, ಸುಳ್ಳು ಯಾಕೆ ಹೇಳಲಿ.

ಬೆಳಗ್ಗೆ ಎಂಟಕ್ಕೆ ಕಸಾಯಿಖಾನೆ. ಕೊಯ್ಯುವವರು ಅಮೀನಸಾಬರು, ಮೂವತ್ತು ವರ್ಷದಿಂದ ಅದೇ ಕೈ, ಅದೇ ಕತ್ತಿ. ಕಲ್ಲಾದ ಕಲೇಜಾವನ್ನು ಗಿರಾಕಿಗೆ ಕೊಡದೆ ಎಸೆಯುವ ಮನುಷ್ಯ, ಕಣ್ಣು ಮುಚ್ಚಿ ಮುಟ್ಟಿದರೂ ಹೇಳುತ್ತಿದ್ದರು. ಮೇಡಂ ಅಮೀನಸಾಬರನ್ನು ಒಳಗೆ ನಿಲ್ಲಿಸಿ, ನನ್ನನ್ನು ಹೊರಗೆ ನಿಲ್ಲಿಸಿದರು. ಕುರಿ ಬಾಗಿಲಿಗೆ ಬಂದಾಗ ನಾನು ಮೇಡಂ ಕಿವಿಯಲ್ಲಿ ಮಾತ್ರ ಹೇಳಬೇಕು, ಅವರು ಬರೆದು ಹಾಳೆ ಮಡಚಿ ಇಟ್ಟುಕೊಳ್ಳುತ್ತಾರೆ. ಯಾವ ಕುರಿ ಯಾರದು ಎಂದು ಅಮೀನಸಾಬರಿಗೆ ತಿಳಿಯಬಾರದೆಂದು ಅಂದು ಬೇರೆಯವರೇ ಕೊಯ್ದು, ಚರ್ಮ, ತಲೆ ತೆಗೆದು, ಕಲೇಜಾ ಮಾತ್ರ ಒಂದೊಂದು ತಟ್ಟೆಯಲ್ಲಿ ನಂಬರು ಹಚ್ಚಿ ಅವರ ಮುಂದೆ ಇಡಬೇಕು. ಕಾಕಾ ಕುರಿಗಳನ್ನು ತನಗೆ ಬೇಕಾದಂತೆ ಹಿಂದೆ ಮುಂದೆ ಮಾಡಿ ಬಿಟ್ಟ. ಅದೂ ಆಗಲಿ ಎಂದೆ.

ಮುಖ ನೋಡಿ ಹೇಳುವುದು ನನಗೆ ಉಸಿರಾಡಿದಷ್ಟೇ ಸಲೀಸು. ಇದು ಬಿಳಿಗಿವಿಯ ಮಗಳು, ಕಲ್ಲು. ಇದು ಅವ್ವನ ಚುಕ್ಕಿ, ಬೆಣ್ಣೆ. ಇದು ಕಾಕಾನ ಕರಿಮೂತಿ, ಕಲ್ಲು. ಹನ್ನೊಂದೂ ಮುಗಿದವು. ಚುಕ್ಕಿ ಬಾಗಿಲು ದಾಟುವಾಗ ತಿರುಗಿ ನೋಡಿತು, ನಾನು ನೆಲ ನೋಡಿದೆ.

ಮತ್ತೆ ತಟ್ಟೆಗಳು ಸಾಲಾಗಿ ಬಂದವು. ಅಮೀನಸಾಬರು ಒಂದೊಂದನ್ನೂ ಅಂಗೈಯಲ್ಲಿ ತೂಗಿ, ಹೆಬ್ಬೆಟ್ಟು ಒತ್ತಿ, ಕತ್ತಿಯಿಂದ ಒಂದು ಗೀರು ಎಳೆದು ಹೇಳುತ್ತ ಹೋದರು. ಕಲ್ಲು. ಕಲ್ಲು. ಬೆಣ್ಣಿ. ಕಲ್ಲು. ಮೇಡಂ ಮುಖ ಎತ್ತದೆ ಬರೆಯುತ್ತಿದ್ದರು. ಐದನೆಯದಕ್ಕೆ ಅಮೀನಸಾಬರು ಕೈ ತಡೆದರು. ಗೀರಿದಲ್ಲಿಂದ ಎಲೆಯಂತಹ ಹುಳ ಎರಡು ಹೊರಗೆ ಜಾರಿದ್ದವು. ಕಲೇಜಾ ಮಾತ್ರ ನಳನಳ ಕೆಂಪು.

"ಮೂವತ್ತು ವರ್ಷದಾಗ ಇಂಥಾದ್ದು ಅಪರೂಪ ಬೇಟಾ," ಎಂದರು. "ಹುಳ ಅದಾವ, ಗಾಯದ ಗೆರಿ ಇಲ್ಲ. ಬಾಡಿಗಿ ಇದ್ದಾರ, ಮನಿ ಕೆಡಸಿಲ್ಲ."

ಹನ್ನೊಂದೂ ಆದ ಮೇಲೆ ಮೇಡಂ ಎರಡು ಹಾಳೆಗಳನ್ನು ಪಕ್ಕಪಕ್ಕ ಇಟ್ಟರು. ಅಳವಂಡಿಯ ನಾಲ್ಕೂ ಬೆಣ್ಣೆ. ಕಾಕಾನ ಏಳರಲ್ಲಿ ಆರು ಕಲ್ಲು. ಒಂದು ತಪ್ಪಿತ್ತು. ಕರಿಮೂತಿಯನ್ನು ನಾನು ಕಲ್ಲು ಎಂದಿದ್ದೆ, ಅಮೀನಸಾಬರು ಬೆಣ್ಣೆ ಎಂದಿದ್ದರು.

ಆ ಒಂದೇ ಒಂದಕ್ಕೆ ಕಾಕಾ ಹದ್ದಿನಂತೆ ಎರಗಿದ. ನೋಡ್ರಿ, ಅದು ನನ್ನ ಅಜ್ಜನ ಕಾಲದ ಕುಡಿ, ಅಳವಂಡಿಯದಲ್ಲ, ಅದೂ ಮೆತ್ತಗೇ ಇದೆ, ಅಂದ ಮೇಲೆ ಇದರಲ್ಲಿ ಕುಡಿಯೂ ಇಲ್ಲ ಗಿಡಿಯೂ ಇಲ್ಲ, ಇವನು ಹೇಳಿದ್ದೆಲ್ಲ ಕುರುಡ ಎಸೆದ ಕಲ್ಲು, ಪಂಥ ಮುಗಿಯಿತು, ಸಂತೆಗೆ ಹೊಡೆ ಎಂದ. ಕರಿಮೂತಿಯ ತಾಯಿ, ಅದರ ತಾಯಿ, ನಾಲ್ಕು ತಲೆ ಎಣಿಸಿದೆ. ಎಲ್ಲ ಕಾಕಾನವೇ. ಕೈ ಮುಷ್ಟಿ ಕಟ್ಟಿತ್ತು, ಹೊಡೆಯುವುದಕ್ಕೆ ಯಾರೂ ಇರಲಿಲ್ಲ.

ಅವ್ವ ಗೇಟಿನ ಆಚೆ ಸೆರಗು ಮೂಗಿಗೆ ಹಿಡಿದು ನಿಂತಿದ್ದಳು. ಒಳಗೆ ಬಂದದ್ದೂ ಇಲ್ಲ, ದನಿ ಏರಿಸಿದ್ದೂ ಇಲ್ಲ.

"ತಾಯಿ ಯಾರಂತ ಎಲ್ಲಾರೂ ಎಣಿಸಿದ್ರಿ," ಎಂದಳು. "ಅದರ ಅಪ್ಪ ಯಾರಂತ ಯಾರರ ಕೇಳಿದ್ರೇನು?"

ಯಾರೂ ಕೇಳಿರಲಿಲ್ಲ. ನಮ್ಮಲ್ಲಿ ಟಗರನ್ನು ಕುಡಿಯಲ್ಲಿ ಎಣಿಸುವ ಪದ್ಧತಿಯೇ ಇಲ್ಲ. ಮೂರು ವರ್ಷದ ಹಿಂದೆ ಕಾಕಾನ ಟಗರು ಕಾಲು ಮುರಿದುಕೊಂಡು ಬಿದ್ದಾಗ, ಆ ಒಂದು ಹಂಗಾಮು ಅವ್ವನ ಕೆಂಚು ಟಗರೇ ಅವನ ಕೆಲವು ಕುರಿಗಳನ್ನು ಕೂಡಿತ್ತು. ಕರಿಮೂತಿ ಆ ಹಂಗಾಮಿನ ಮರಿ. ಕಾಕಾನಿಗೂ ನೆನಪಾಯಿತು. ಅವನು ಅಮೀನಸಾಬರ ಕಡೆ ನೋಡಿದ. ಅವರು ಕತ್ತಿ ಒರೆಸುತ್ತ ಬೇರೆ ಕಡೆ ನೋಡಿದರು.

ಮೇಡಂ ನಕ್ಕರು. ಎರಡು ವರ್ಷದಲ್ಲಿ ಅವರು ಹಾಗೆ ಬಾಯ್ತುಂಬ ನಕ್ಕದ್ದನ್ನು ನಾನು ಕಂಡಿರಲಿಲ್ಲ.

"ಹನ್ನೊಂದೂ ಸರಿ ಬಂದಿದ್ರ ನಾನ ನಿನ್ನ ಮ್ಯಾಲೆ ಸಂಶಯ ಪಡತಿದ್ದೆ ತಮ್ಮಾ," ಎಂದರು. "ಈ ಒಂದು ತಪ್ಪು ಹತ್ತು ಸರಿಗಿಂತ ದೊಡ್ಡದೈತಿ. ಇದು ಟಗರಿನ ಕಡಿಂದನೂ ಇಳೀತೈತಿ."

ಆಮೇಲೆ ತಾವೇ ತಮಗೆ ಲಗಾಮು ಹಾಕಿಕೊಂಡರು. ಹನ್ನೊಂದು ಕುರಿಯಿಂದ ಏನೂ ಸಿದ್ಧ ಆಗುವುದಿಲ್ಲ, ಇನ್ನೂ ನೂರಾರು ನೋಡಬೇಕು, ಬೇರೆ ಹಿಂಡು, ಬೇರೆ ಊರು ನೋಡಬೇಕು ಎಂದರು. ಆದರೆ ಹಳೆಯ ಇಪ್ಪತ್ತೆಂಟು ತುಂಡುಗಳು ಸುಳ್ಳಾಗಿಲ್ಲ, ಅವುಗಳ ಹೆಸರು ಮಾತ್ರ ಸುಳ್ಳಾಗಿವೆ, ಹೆಸರು ತಿದ್ದುವುದು ನಿನ್ನ ಕೆಲಸ ಎಂದು ನನ್ನ ಮುಂದೆ ತಮ್ಮ ಫೋನಿನ ಫೋಟೋಗಳನ್ನು ಹಿಡಿದರು. ಕೊಯ್ಯುವ ಮೊದಲು ಪ್ರತಿ ಕುರಿಯ ಮುಖ ತೆಗೆದಿಟ್ಟುಕೊಂಡಿದ್ದರು. ನಾನು ಅಲ್ಲೇ ಕಟ್ಟೆಯ ಮೇಲೆ ಕೂತೆ. ಒಂದೊಂದು ಮುಖಕ್ಕೂ ಅದರ ತಾಯಿ, ಅಜ್ಜಿ ಹೇಳಿದೆ. ಅವ್ವ ಪಕ್ಕದಲ್ಲಿ ಕೂತು ಅಪ್ಪಂದಿರನ್ನು ಹೇಳಿದಳು. ಇಪ್ಪತ್ತೆಂಟರಲ್ಲಿ ಎರಡು ಮಾತ್ರ ಗೊತ್ತಾಗಲಿಲ್ಲ, ಗೊತ್ತಿಲ್ಲ ಎಂದೇ ಬರೆಯಿರಿ ಎಂದೆ.

ಸಂತೆಯ ದಿನ ಬಂತು, ಹೋಯಿತು. ಅವ್ವನ ಇಪ್ಪತ್ತಾರೂ ತಟ್ಟಿಯೊಳಗೇ ಮೆಲುಕು ಹಾಕುತ್ತ ನಿಂತಿದ್ದವು.

ಮಳೆಗಾಲದ ಹೊತ್ತಿಗೆ ನಾವು ಊರಿಗೆ ಮರಳಿದ್ದಾಗ ಮೇಡಂ ಫೋನು ಬಂತು. ತುಂಡುಗಳಿಂದಲೇ ರಕ್ತಸಂಬಂಧ ಪರೀಕ್ಷೆ ಮಾಡಿಸಿದ್ದರಂತೆ. ನಾವು ಹೇಳಿದ ಇಪ್ಪತ್ತಾರು ಹೆಸರೂ ತಾಳೆಯಾಗಿದ್ದವು, ಅಪ್ಪಂದಿರ ಸಮೇತ. ಹೆಸರು ತಿದ್ದಿದ ಮೇಲೆ ಕಲಸಿಹೋಗಿದ್ದ ಲೆಕ್ಕವೂ ತಿಳಿಯಾಯಿತಂತೆ. ಕಲ್ಲಾದ ಕಲೇಜಾಗಳಲ್ಲಿ ಆ ನಿಲ್ಲಿಸುವ ಚೀಟಿಗಳ ಪೈಕಿ ಒಂದು ಕಾಣೆ, ನಾರು ಹೊಲಿಯುವ ಜೀನುಗಳು ಬಾಯಿ ಬಿಟ್ಟು ಕೂಗುತ್ತಲೇ ಇವೆ. ಅಳವಂಡಿ ಕುಡಿಯ ಕಲೇಜಾಗಳಲ್ಲಿ, ಹುಳ ಒಳಗಿದ್ದಾಗಲೂ ಆ ಚೀಟಿ ಉಳಿದುಕೊಂಡಿದೆ. ಯಾಕೆ ಉಳಿದಿದೆ ಎಂಬುದು ಇನ್ನು ಮುಂದಿನ ಕೆಲಸ ಎಂದರು. ತಮ್ಮ ಲೆಕ್ಕದ ದೊಡ್ಡ ತಖ್ತೆಯಲ್ಲಿ ತಾಯಿ ಕುಡಿ, ತಂದೆ ಕುಡಿ ಎಂದು ಎರಡು ಸಾಲು ಹೊಸದಾಗಿ ಎಳೆದಿದ್ದಾರಂತೆ. ನಾನು ಫೋನು ಜೋರಾಗಿಟ್ಟು ಅವ್ವನಿಗೆ ಕೇಳಿಸಿದೆ. ಅವಳಿಗೆ ಚೀಟಿಯ ಮಾತು ಎಷ್ಟು ತಿಳಿಯಿತೋ, ಅಳವಂಡಿ ಎಂಬ ಮಾತು ಬಂದಾಗಲೆಲ್ಲ ತಲೆ ಆಡಿಸಿದಳು.

ಈಗ ಟಗರು ಬಿಡುವ ಹಂಗಾಮು. ಸುದ್ದಿ ಹೇಗೆ ಹಬ್ಬುತ್ತದೆ ಎಂದು ಯಾರೂ ಹೇಳಲಾರರು. ಎಂಟು ದಿನದಿಂದ, ಊರಲ್ಲಿ ಅವ್ವನ ಕುರಿಗಳಿಗೆ ಬೇರೆಯಾಗಿ ಹಾಕಿದ ನಮ್ಮ ತಟ್ಟಿಯ ಮುಂದೆ ಹಿಂಡಿನವರು ಬರುತ್ತಿದ್ದಾರೆ, ಕೊಪ್ಪಳ ಕಡೆಯವರು, ತಳಕಲ್ಲಿನವರು, ತಮ್ಮ ಆಯ್ದ ಕುರಿಗಳನ್ನು ಹೊಡೆದುಕೊಂಡು. ಹುಳ ಬರುವುದನ್ನು ಇದು ತಪ್ಪಿಸುವುದಿಲ್ಲ, ಔಷಧ ಸಮಯಕ್ಕೆ ಕುಡಿಸಬೇಕು, ನಿಂತ ನೀರಿನ ಅಂಚಿಗೆ ಮೇಯಿಸಬಾರದು ಎಂದು ನಾನು ಪ್ರತಿಯೊಬ್ಬನಿಗೂ ಗದರಿಸಿ ಹೇಳುತ್ತೇನೆ. ಏಳನೇತ್ತೆ ಬಿಟ್ಟವನ ಮಾತನ್ನು ನರೆತ ಮೀಸೆಯವರು ರುಮಾಲು ಸರಿಮಾಡಿಕೊಂಡು ಕೇಳುತ್ತಾರೆ. ಕೆಂಚು ಟಗರನ್ನು ಮಾರುವ ಮಾತಿಲ್ಲ, ಬೇಕಾದವರು ಕುರಿ ತಂದು ನಮ್ಮ ತಟ್ಟಿಗೇ ಬಿಡಬೇಕು, ಇದು ಅವ್ವನ ಕಟ್ಟಳೆ.

ಇಂದು ಮುಂಜಾನೆ ಕಾಕಾ ಬಂದ. ಹಿಂದೆ ಎಂಟು ಕುರಿ. ಸಾಲಿನಲ್ಲಿ ನಿಂತವರನ್ನೆಲ್ಲ ದಾಟಿ ನೇರ ತಟ್ಟಿಯ ಬಾಗಿಲಿಗೇ ಬಂದು, ಯಜಮಾನನ ಗತ್ತಿನಲ್ಲಿ ಅಗಳಿಗೆ ಕೈ ಹಾಕಿದ. ನಾನು ಹಲ್ಲು ಕಚ್ಚಿ ಎದ್ದೆ. ಅವ್ವ ನನಗಿಂತ ಮೊದಲೇ ಬಾಗಿಲಲ್ಲಿ ನಿಂತಿದ್ದಳು, ಸೆರಗು ಸೊಂಟಕ್ಕೆ ಸಿಕ್ಕಿಸಿ.

"ಅತ್ತಿಗೆವ್ವಾ," ಎಂದ ಕಾಕಾ, ದನಿ ಇಳಿಸಿ, "ಎಂಟ ಅದಾವ."

"ಇರಲೇಳಪ್ಪ, ಬಿಡೂಣಂತ," ಎಂದಳು ಅವ್ವ. "ತಳಕಲ್ಲಿನವರು ನಿನಗಿಂತ ಮೊದಲ ಬಂದಾರ. ಅವರ ಹಿಂದ ನಿಲ್ಲು ಕನಕಪ್ಪಾ."